ಬಿಡುಗಡೆಗೆ ಮುನ್ನ ಪುಸ್ತಕವನ್ನು ಆಡಿ ನೋಡುವ ಬಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ನನಗೆ ಒಲಿದ ಹವ್ಯಾಸ ರೋಲ್‌ಪ್ಲೇಯಿಂಗ್ ಗೇಮ್. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳ ಉರುಳಿಸುತ್ತ, ಮಾತಿನಲ್ಲಿಯೇ ಕಥೆ ಕಟ್ಟುವ ಆಟ ಇದು. ಕುಂದಾಪುರದ ನನ್ನ ಬಂಧುಗಳಿಗೆ ಇದನ್ನು ವಿವರಿಸುವಾಗ ನಾನು ತಾಳಮದ್ದಳೆಯನ್ನೇ ನೆನಪಿಸುತ್ತೇನೆ. ಅಲ್ಲಿ ಪ್ರಸಂಗದ ಪದ್ಯಗಳು ಮೊದಲೇ ಸಿದ್ಧವಿರುತ್ತವೆ, ಅರ್ಥ ಮಾತ್ರ ಆ ರಾತ್ರಿ ಆ ಕೂಟದಲ್ಲಿ ಹುಟ್ಟುತ್ತದೆ. ಇಲ್ಲಿಯೂ ನಿಯಮ ಮತ್ತು ಸನ್ನಿವೇಶ ಪುಸ್ತಕದಲ್ಲಿರುತ್ತವೆ, ಗೇಮ್ ಮಾಸ್ಟರ್ ಎನ್ನುವವರು ಭಾಗವತರಂತೆ ಕಥೆಯನ್ನು ನಡೆಸುತ್ತಾರೆ, ಉಳಿದದ್ದು ಆಡುವವರ ಮಾತು.

ಈ ಆಟಗಳಿಗೆ ಬರುವ ಪೂರಕ ಪುಸ್ತಕಗಳ ಬಗ್ಗೆ ನಾನು ಹೇಳಬೇಕಾಗಿದೆ. ಮೂಲ ಆಟ ಗೊತ್ತಿರುವವರಿಗೆ ಹೊಸದೊಂದು ಊರನ್ನೋ, ಹೊಸ ಪ್ರಾಣಿಗಳನ್ನೋ, ಹೊಸ ಸಾಹಸವನ್ನೋ ಒದಗಿಸುವ ಪುಸ್ತಕ ಅದು. ಅದೊಂದನ್ನೇ ಇಟ್ಟುಕೊಂಡು ಆಡಲಾಗದು. ಹಾಗಾಗಿ ಮೂಲ ಆಟವನ್ನು ಆಡುವವರೇ ಅದರ ಓದುಗರು, ಅವರಲ್ಲಿಯೂ ಸಣ್ಣ ಪ್ರಕಾಶಕರ ಪುಸ್ತಕ ಕೊಳ್ಳುವವರು ಕೆಲವರೇ. ಸಂಖ್ಯೆ ಚಿಕ್ಕದಾದುದರಿಂದ ಯಾರೂ ಇಲ್ಲಿ ಎದೆಗುಂದಿಲ್ಲ. ಇಂಥ ಆಟಗಳಲ್ಲಿ ಹೆಸರಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಕೂಡ 1974ರಲ್ಲಿ ಮೊದಲು ಅಚ್ಚಾದದ್ದು 1000 ಪ್ರತಿ ಮಾತ್ರ.

ಕಳೆದ ವರ್ಷ ನಮ್ಮ ಮೇಜಿನ ಗೆಳತಿಯೊಬ್ಬರು 48 ಪುಟಗಳ ಪೂರಕವೊಂದನ್ನು ಹೊರತಂದರು. ಅದು ಅಚ್ಚಾಗುವ ಹತ್ತು ತಿಂಗಳ ಮೊದಲೇ, ಇನ್ನೂ ಚಿತ್ರಗಳಿಲ್ಲದ, ಕಾಗುಣಿತ ತಪ್ಪುಗಳೂ ಉಳಿದಿದ್ದ ಕರಡನ್ನು ಅವರು ತಮಗೆ ಪರಿಚಯವಿಲ್ಲದ ಮೂರು ಗುಂಪುಗಳಿಗೆ ಕಳುಹಿಸಿದರು. ತಾವು ಆ ಮೇಜುಗಳಿಗೆ ಹೋಗುವುದಿಲ್ಲ, ಏನನ್ನೂ ವಿವರಿಸುವುದಿಲ್ಲ, ಪುಸ್ತಕವೇ ತನ್ನ ಮಾತನ್ನು ತಾನು ಹೇಳಬೇಕು ಎಂಬ ಕಟ್ಟುಪಾಡನ್ನು ಅವರೇ ಹಾಕಿಕೊಂಡಿದ್ದರು. ಮೂರರಲ್ಲಿ ಎರಡು ಗುಂಪಿನವರು ಆ ಸಾಹಸದಲ್ಲಿ ಬರುವ ನದಿಯನ್ನು ದಾಟಲೇ ಇಲ್ಲ. ದೋಣಿಯವನೊಡನೆ ಮಾತನಾಡಬೇಕೆಂಬ ಸುಳಿವು ಅಧ್ಯಾಯದ ಕೊನೆಯಲ್ಲಿ ಹುದುಗಿತ್ತು, ಅವರು ಅಲ್ಲಿಯವರೆಗೆ ಓದುವಷ್ಟರಲ್ಲಿ ರಾತ್ರಿ ಮುಗಿದಿತ್ತು. ಗೆಳತಿ ಆ ಅಧ್ಯಾಯವನ್ನು ಮತ್ತೆ ಬರೆದರು. ಅನಂತರ ಒಂದು ಸಂಜೆಯ ಆಟಕ್ಕೆ ಸಾಲುವ 8 ಪುಟಗಳನ್ನು ಉಚಿತವಾಗಿ ಹಂಚಿದರು. 2007ರಿಂದ ನಮ್ಮ ಊರಿನಲ್ಲಿ ನಡೆಯುತ್ತಿರುವ ಯುಕೆ ಗೇಮ್ಸ್ ಎಕ್ಸ್‌ಪೋ ಮೇಳದಲ್ಲಿ ಅದೇ ಭಾಗವನ್ನು ಅಪರಿಚಿತರಿಗೆ ಆಡಿಸಿದರು. ಇಷ್ಟಪಟ್ಟವರು ತಾವಾಗಿ ವಿಳಾಸ ಬರೆದುಕೊಟ್ಟರು. ಪುಸ್ತಕ ಬಂದಾಗ, ಕರಡನ್ನು ಆಡಿ ನೋಡಿದ ಎಲ್ಲರ ಹೆಸರೂ ಅದರ ಕೊನೆಯ ಪುಟದಲ್ಲಿತ್ತು. ಅವರಲ್ಲಿ ಒಬ್ಬೊಬ್ಬರೂ ತಮ್ಮ ಗುಂಪಿನವರಿಗೆ ಅದನ್ನು ತೋರಿಸಿದ್ದಾರೆ ಎಂಬುದನ್ನು ನಾನು ಬಲ್ಲೆ.

ಇದನ್ನು ಕಂಡಾಗಲೆಲ್ಲ ನನಗೆ ನಮ್ಮ ಕನ್ನಡದ ಸಣ್ಣ ಪ್ರಕಾಶಕರ ನೆನಪಾಗಿ ಮನಸ್ಸು ಭಾರವಾಗುತ್ತದೆ. ನಮ್ಮಲ್ಲಿ ಪುಸ್ತಕ ರೇಷ್ಮೆಯ ದಾರ ಬಿಚ್ಚುವ ತನಕ ಯಾರಿಗೂ ಕಾಣುವುದಿಲ್ಲ. ಮುಖಪುಟ ಮತ್ತು ಆಹ್ವಾನಪತ್ರಿಕೆ ಎಲ್ಲೆಡೆ ಓಡಾಡುತ್ತವೆ, ಒಳಗಿನ ಒಂದು ಪುಟವೂ ಹೊರಬರುವುದಿಲ್ಲ. ಅಧ್ಯಕ್ಷತೆ, ಬಿಡುಗಡೆ, ಪುಸ್ತಕ ಪರಿಚಯ, ಉಪಾಹಾರ ಎಲ್ಲವೂ ಒಂದೇ ಬೆಳಿಗ್ಗೆ ಮುಗಿದು, ಮರುದಿನದಿಂದ ಗ್ರಂಥಾಲಯದ ಸಗಟು ಖರೀದಿಗಾಗಿ ಕಾಯುವುದೇ ಪ್ರಚಾರವಾಗಿಬಿಡುತ್ತದೆ. ತಿದ್ದಲು ಅವಕಾಶವಿದ್ದ ತಿಂಗಳುಗಳಲ್ಲಿ ಓದುಗ ಹತ್ತಿರ ಇರುವುದಿಲ್ಲ. ಓದುಗ ಬಂದಾಗ ತಿದ್ದಲು ಏನೂ ಉಳಿದಿರುವುದಿಲ್ಲ.

ಆದರೆ ಮುಂಚಿತವಾಗಿ ಓದುಗರ ಬಳಿಗೆ ಹೋಗುವುದು ನಮಗೆ ಹೊಸದೇನಲ್ಲ. ಆಟ ಶುರುವಾಗುವ ಮೊದಲು ಯಕ್ಷಗಾನದ ಮೇಳದವರು ‘ಕೇಳಿ’ ಎಂಬ ಚೆಂಡೆಯ ಬಡಿತವನ್ನು ಬಾರಿಸುತ್ತಿದ್ದರು. ಆ ಚೆಂಡೆಯ ಸದ್ದಿನಲ್ಲಿಯೇ ಮೇಳದ ಹಿಮ್ಮೇಳ ಎಂಥದ್ದೆಂದು ಸುತ್ತಲಿನ ಊರುಗಳಿಗೆ ತಿಳಿಯುತ್ತಿತ್ತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರನ್ನು ನಂಬಿ. ಇಂದು ಇಲ್ಲಿಯವರು ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಮುಂಗಡ ಹಣ ಕೂಡಿಸುವುದಕ್ಕೂ ಆ ಚಂದಾಕ್ಕೂ ನನಗೆ ಹೆಚ್ಚಿನ ಅಂತರ ಕಾಣುವುದಿಲ್ಲ.

ಅಂತರವಿರುವುದು ನಂಬಿಕೆಯಲ್ಲಿ. ಚಂದಾ ಕೊಡುವವನಿಗೆ ಅದನ್ನು ಕೇಳಲು ಬಂದವರ ಮುಖಪರಿಚಯವಿರುತ್ತಿತ್ತು, ಪುಸ್ತಕ ತಡವಾದರೆ ಮನೆಗೆ ಹೋಗಿ ವಿಚಾರಿಸಬಹುದಿತ್ತು. ಕಿಕ್‌ಸ್ಟಾರ್ಟರ್‌ನಲ್ಲಿ ಗುರಿ ಮುಟ್ಟದಿದ್ದರೆ ಹಣ ಕಡಿತವಾಗುವುದಿಲ್ಲ ಎಂಬುದು ನಿಜ, ಆದರೆ ಗುರಿ ಮುಟ್ಟಿದ ಮೇಲೆ ಪುಸ್ತಕ ಬಂದೇ ಬರುತ್ತದೆ ಎಂಬ ಖಾತರಿ ಇಲ್ಲ. ನಾನು ಹೀಗೆ ಹಣ ಕೊಟ್ಟ ಒಂದು ಪೂರಕ ಮೂರು ವರ್ಷವಾದರೂ ಕೈಸೇರಿಲ್ಲ. ಅದರ ಪ್ರಚಾರದಲ್ಲಿ ಸುಂದರವಾದ ಚಿತ್ರಗಳಿದ್ದವು, ಆಡಿ ನೋಡಲು ಒಂದು ಪುಟವೂ ಇರಲಿಲ್ಲ. ಬರೆಯುವ ಕೆಲಸವೇ ಇನ್ನೂ ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ, ಬರವಣಿಗೆ ಮುಗಿಯದೆ ಹಣ ಕೇಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಗೆಳತಿ ಹಾಗೆಯೇ ಮಾಡಿದರು. ಅವರ ಹಣಸಂಗ್ರಹದ ಪುಟ ತೆರೆದ ದಿನ ಬಾಕಿಯಿದ್ದದ್ದು ಮುದ್ರಣ ಮತ್ತು ಅಂಚೆ ಮಾತ್ರ.

ಕಿಕ್‌ಸ್ಟಾರ್ಟರ್ 2019ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಝೀನ್ ಕ್ವೆಸ್ಟ್’ ಎಂಬ, ಈ ಆಟಗಳ ಪುಟ್ಟ ಪುಸ್ತಿಕೆಗಳಿಗೆ ಹಣ ಕೂಡಿಸುವ ಕಾರ್ಯಕ್ರಮದ ಮೊದಲ ವರ್ಷದ ನಿಯಮಗಳು ಈ ದೃಷ್ಟಿಯಿಂದ ನನಗೆ ಬಹಳ ಹಿಡಿಸಿದವು: ಎ5 ಅಳತೆಯ ಪುಸ್ತಿಕೆ, ಒಂದೇ ಬಣ್ಣದ ಮುದ್ರಣ, ಹಣ ಕೂಡಿಸಲು ಎರಡೇ ವಾರ. ಕೈಲಾಗುವಷ್ಟನ್ನೇ ಹೇಳಿ, ಹೇಳಿದ್ದನ್ನು ಮಾಡಿ ಮುಗಿಸಲು ಅಂಥ ಮಿತಿ ನೆರವಾಗುತ್ತದೆ.

ಕನ್ನಡದಲ್ಲಿ ಮಕ್ಕಳಿಗಾಗಿ ಇಂಥದೊಂದು ಪುಟ್ಟ ಸಾಹಸವನ್ನು ನಾನು ಬರೆಯುತ್ತಿದ್ದೇನೆ. ಅದರ ಮೊದಲ 6 ಪುಟಗಳು ಈ ವಾರ ಕುಂದಾಪುರದ ಒಂದು ಮನೆಗೂ ಇಲ್ಲಿಯ ಒಂದು ಕನ್ನಡ ಕುಟುಂಬಕ್ಕೂ ಹೋಗಿವೆ. ಎರಡೂ ಮನೆಯವರಿಗೆ ನಾನು ಕೇಳಿಕೊಂಡದ್ದು ಒಂದೇ: ಮಕ್ಕಳು ಯಾವ ಸಾಲಿನಲ್ಲಿ ತಡವರಿಸಿ ನಿಂತರು ಎಂಬುದನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಕಳುಹಿಸಿಕೊಡಿ ಎಂದು.