ನಾನೇ ಗುಮ್ಮನಾದ ಊರಲ್ಲಿ ರಿಸಾಲ್

ಪಕ್ಕದ ಮನೆ ಅಜ್ಜಿ ಮೊಮ್ಮಗನಿಗೆ ಊಟ ಮಾಡಿಸುತ್ತಿದ್ದರು. ಹುಡುಗ ಬಾಯಿ ಬಿಡುತ್ತಿಲ್ಲ. 'ಉಣ್ಣದಿದ್ರೆ ಬುಂಬಾಯ್ ಬಂದು ಎತ್ಕೊಂಡು ಹೋಗ್ತಾನೆ ನೋಡು' ಅಂದರು. ಸರಿಯಾಗಿ ಅದೇ ಹೊತ್ತಿಗೆ ನಾನು ಗೇಟು ತೆಗೆದೆ. ಹುಡುಗ ನನ್ನ ಮುಖ ನೋಡಿ ಗಬಗಬ ನುಂಗಿದ. ಅಜ್ಜಿ ನಾಚಿಕೊಂಡು ಬಸಿಯಲ್ಲಿ ಬಾಳೆಹಣ್ಣು ಇಟ್ಟುಕೊಟ್ಟರು.

ಫಿಲಿಪೀನ್ಸ್‌ನಲ್ಲಿ ಬುಂಬಾಯ್ ಅಂದರೆ ನಾವೇ. ಇಂಡಿಯಾದವರೆಲ್ಲ ಇವರಿಗೆ ಬೊಂಬಾಯಿಯವರು. ಬೈಕಲ್ಲಿ ಬೀದಿ ಬೀದಿ ಸುತ್ತಿ ಸಾಲ ಕೊಡುವ ಪಂಜಾಬಿಗಳು ಇಲ್ಲಿ ಬಹಳ. ಐದು ಕೊಟ್ಟು ಆರು ವಸೂಲಿ ಮಾಡುತ್ತಾರೆ ಅಂತ ಆ ವ್ಯವಹಾರಕ್ಕೆ 'ಫೈವ್-ಸಿಕ್ಸ್' ಅಂತಲೇ ಹೆಸರು. ಮಂಡ್ಯ ಕಡೆಯ ನಾನು ಯಾರಿಗೂ ಐದು ಪೆಸೊ ಸಾಲ ಕೊಟ್ಟವನಲ್ಲ. ಆದರೂ ಗುಮ್ಮನ ಕೆಲಸ ನನ್ನ ಪಾಲಿಗೆ ಬಂದಿದೆ.

ಆಮೇಲೆ ಗೊತ್ತಾಯಿತು, ಈ ಗುಮ್ಮ ಹಳಬ. ಸ್ಪೇನ್ ಆಳ್ವಿಕೆಯ ವಿರುದ್ಧ ಬರೆದು ಪ್ರಾಣ ತೆತ್ತ ಇವರ ರಾಷ್ಟ್ರೀಯ ನಾಯಕ ಹೋಸೆ ರಿಸಾಲ್ ಚಿಕ್ಕವನಿದ್ದಾಗ ಊಟ ಬೇಡ ಅಂದರೆ ಆಯಾ ಹೆದರಿಸುತ್ತಿದ್ದಳಂತೆ. ಅಸ್ವಾಂಗ್ ಬರುತ್ತೆ, ಟಿಕ್‌ಬಾಲಾಂಗ್ ಬರುತ್ತೆ ಅಂತ. ಇಲ್ಲಿನ ಮಕ್ಕಳು ಓದುವ ಪಠ್ಯದಲ್ಲಿ ಆ ದೆವ್ವಗಳ ಸಾಲಿಗೆ ಗಡ್ಡ ಬಿಟ್ಟು ಮುಂಡಾಸು ಸುತ್ತಿದ ಒಬ್ಬ ಬೊಂಬಾಯಿಯವನೂ ಸೇರಿಕೊಂಡಿದ್ದಾನೆ. ಓದಿ ಒಬ್ಬನೇ ನಕ್ಕೆ. ರಿಸಾಲ್ ಬಗ್ಗೆ ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ.

ನಾನಿರುವುದು ಲಾಸ್ ಬಾನ್ಯೋಸ್‌ನಲ್ಲಿ. ಪಕ್ಕದ್ದೇ ಕಲಂಬಾ. ರಿಸಾಲ್ ಹುಟ್ಟಿದ್ದು ಅಲ್ಲೇ, 1861ರ ಜೂನ್ 19ರಂದು. ಹನ್ನೊಂದು ಮಕ್ಕಳಲ್ಲಿ ಏಳನೆಯವನು. ಅಪ್ಪ ಡೊಮಿನಿಕನ್ ಪಾದ್ರಿಗಳ ಜಮೀನು ಗುತ್ತಿಗೆಗೆ ಹಿಡಿದು ಭತ್ತ, ಕಬ್ಬು ಬೆಳೆಸುತ್ತಿದ್ದರು. ಭತ್ತ, ಕಬ್ಬು ಅಂದ ಮೇಲೆ ಮಂಡ್ಯದವನಿಗೆ ಇನ್ನೇನು ಬೇಕು? ಮನೆ ಈಗಿರುವುದು ಹಳೆಯದರ ಮಾದರಿಯಲ್ಲಿ ಮತ್ತೆ ಕಟ್ಟಿದ್ದು. ಕೆಳಗೆ ಕಲ್ಲು, ಮೇಲೆ ಮರ, ಕಿಟಕಿಗೆ ಗಾಜಿನ ಬದಲು ಚಿಪ್ಪು. ಗೋಡೆಗೆ ಕಣ್ಣಿಗೆ ಹೊಡೆಯುವ ಹಸಿರು ಬಣ್ಣ. ರಿಸಾಲ್ ಅನ್ನೋ ಹೆಸರಿನ ಮೂಲದಲ್ಲೇ ಹಸಿರು ಗದ್ದೆಯ ಅರ್ಥ ಇದೆಯಂತೆ, ಅದಕ್ಕೆ. ನನಗಂತೂ ಆ ಬಣ್ಣ ಹಿಡಿಸಲಿಲ್ಲ. ತೋಟದಲ್ಲಿ ಒಂದು ಪುಟ್ಟ ಗರಿ ಗುಡಿಸಲಿದೆ. ಮಗ ಆಡಿಕೊಳ್ಳಲಿ ಅಂತ ಅಪ್ಪ ಕಟ್ಟಿಸಿಕೊಟ್ಟಿದ್ದ ಗುಡಿಸಲಿನ ನಕಲು.

ಇಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಒಂದು ರಾತ್ರಿಯ ಕಥೆ ಇದೆ. ತಾಯಿ ತೆಯೊದೋರಾ ಅಲೊನ್ಸೊ ಮಗನನ್ನು ಕೂರಿಸಿಕೊಂಡು ಸ್ಪ್ಯಾನಿಷ್ ಪುಸ್ತಕ ಓದಿಸುತ್ತಿದ್ದಾರೆ. ಮನೆಯಲ್ಲಿ ಮಾತು ತಗಾಲೊಗ್. ಸ್ಪ್ಯಾನಿಷ್ ಹುಡುಗನ ಬಾಯಿಗೆ ಹೊರಳುತ್ತಿಲ್ಲ. ಸಾಲದ್ದಕ್ಕೆ ಪುಸ್ತಕದ ಹಾಳೆ ಮೇಲೆಲ್ಲ ಚಿತ್ರ ಗೀಚಿದ್ದಾನೆ. ತಾಯಿ ಬೈದು, ಪುಸ್ತಕ ಕಿತ್ತುಕೊಂಡು, ತಾವೇ ಓದಿ ಹೇಳುತ್ತಾರೆ. ದೀಪದ ಹತ್ತಿರ ಹೋಗಬೇಡ ಅಂತ ತಾಯಿ ಹುಳು ಹೇಳಿದ್ದನ್ನು ಮರಿ ಹುಳು ಕೇಳದೆ ಸುಟ್ಟುಕೊಂಡ ಕಥೆ. ಹುಡುಗನ ಕಿವಿ ಅಲ್ಲಿದೆ, ಕಣ್ಣು ಮಾತ್ರ ಕೊಬ್ಬರಿ ಎಣ್ಣೆ ದೀಪದ ಸುತ್ತ ಹಾರುತ್ತಿದ್ದ ನಿಜವಾದ ಹುಳುಗಳ ಮೇಲೆ. ಒಂದು ಹುಳು ರೆಕ್ಕೆ ಸುಟ್ಟುಕೊಂಡು ಬಿತ್ತು. ಅವನಿಗೆ ಪಾಪ ಅನ್ನಿಸಲಿಲ್ಲ, ಬೆಳಕು ಅಷ್ಟು ಚೆನ್ನಾಗಿತ್ತು. ಇದನ್ನು ಬರೆದಿಟ್ಟವನು ರಿಸಾಲನೇ.

ನನಗೆ ಇಷ್ಟವಾಗಿದ್ದು ಹುಳುವಲ್ಲ. ಹುಡುಗನಿಗೆ ಓದಲು ಬರುತ್ತಿರಲಿಲ್ಲ ಅನ್ನೋದು. ನಮ್ಮ ಕಡೆ ನಾಯಕರು ಹಾಗೆ ಹುಟ್ಟುವುದೇ ಇಲ್ಲ. ಶಾಲೆಯ ಭಾಷಣ ಸ್ಪರ್ಧೆಗೆ ನಾನೂ ಸಂಗೊಳ್ಳಿ ರಾಯಣ್ಣನ ಬಗ್ಗೆ ಬಾಯಿಪಾಠ ಮಾಡಿದವನೇ. 'ಹುಟ್ಟುತ್ತಲೇ ಹುಲಿ' ಅಂತ ಶುರು ಮಾಡಿ, ಎರಡೇ ವಾಕ್ಯಕ್ಕೆ ಕತ್ತಿ ಹಿಡಿಸಿ, 1831ರಲ್ಲಿ ನಂದಗಡದ ಗಲ್ಲಿಗೆ ತಂದು ನಿಲ್ಲಿಸಿದ್ದೆ. ಚಪ್ಪಾಳೆ ಬಂತು. ಆತ ಹುಡುಗನಾಗಿದ್ದಾಗ ಯಾರಿಗೆ ಹೆದರುತ್ತಿದ್ದ, ಯಾರ ಮಾತು ಕೇಳುತ್ತಿದ್ದ ಅಂತ ಮೇಷ್ಟ್ರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ರಿಸಾಲ್ ಅನುಕೂಲಸ್ಥರ ಮನೆಯ ಹುಡುಗ, ಹದಿನೇಳು ಹದಿನೆಂಟಕ್ಕೇ ಬಾಲ್ಯದ ನೆನಪು ಬರೆಯಲು ಕೂತವನು. ರಾಯಣ್ಣನಿಗೆ ಇರುವುದು ಲಾವಣಿ. ಆದರೆ ಕಾಗದ ಪತ್ರ ಸಿಗುವ ನಮ್ಮ ಈಚಿನ ದೊಡ್ಡವರ ಬಾಲ್ಯವನ್ನಾದರೂ ನಾವು ಹೀಗೆ ಹೇಳುತ್ತೇವಾ?

ಒಂಬತ್ತನೇ ವಯಸ್ಸಿಗೆ ಅಣ್ಣ ಪಸಿಯಾನೊ ಅವನನ್ನು ಬಿನ್ಯಾನ್ ಊರಿನ ಶಾಲೆಗೆ ಬಿಟ್ಟುಬಂದ. ಮೊದಲ ದಿನವೇ ಮೇಷ್ಟ್ರು 'ಸ್ಪ್ಯಾನಿಷ್ ಬರುತ್ತಾ?' ಅಂದರು. 'ಸ್ವಲ್ಪ.' 'ಲ್ಯಾಟಿನ್?' 'ಸ್ವಲ್ಪ.' ತರಗತಿಯೆಲ್ಲ ನಕ್ಕಿತು. ಜಾಸ್ತಿ ನಕ್ಕಿದ್ದು ಮೇಷ್ಟ್ರ ಮಗ. ಮಧ್ಯಾಹ್ನ ಅವನ ಜೊತೆ ರಿಸಾಲ್ ಕುಸ್ತಿಗೆ ಬಿದ್ದ. ಆಮೇಲೆ ಒಳ್ಳೆ ಹುಡುಗ ಅನ್ನಿಸಿಕೊಂಡರೂ ಏಟು ತಿನ್ನದ ದಿನ ಕಮ್ಮಿ ಅಂತ ಬರೆದುಕೊಂಡಿದ್ದಾನೆ. ನಾಡಿನ ನಾಯಕ ಮೇಷ್ಟ್ರ ಕೈಲಿ ಏಟು ತಿಂದ ಅನ್ನೋದು ಇಲ್ಲಿ ಯಾರಿಗೂ ಅವಮಾನ ಅಲ್ಲ.

ನಿಜವಾದ ಏಟು ಬಿದ್ದಿದ್ದು ಆಮೇಲೆ. ಅವನ ಸೋದರಮಾವನ ಹೆಂಡತಿಗೆ ವಿಷ ಹಾಕಲು ನೋಡಿದರು ಅಂತ ತಾಯಿಯ ಮೇಲೆ ಸುಳ್ಳು ಆರೋಪ ಬಂತು. ಸಿವಿಲ್ ಗಾರ್ಡ್ ಅನ್ನೋ ಸ್ಪೇನ್ ಸರ್ಕಾರದ ಪೊಲೀಸ್ ಪಡೆಯ ಅಧಿಕಾರಿಯ ಕುದುರೆಗೆ ರಿಸಾಲ್‌ನ ಅಪ್ಪ ಮೇವು ಕೊಟ್ಟಿರಲಿಲ್ಲ, ಆ ಸಿಟ್ಟು ಒಳಗೆ ಇತ್ತು. ತಾಯಿಯನ್ನು ಕಲಂಬಾದಿಂದ ಸಾಂತಾ ಕ್ರೂಸ್‌ವರೆಗೆ ನಡೆಸಿಕೊಂಡೇ ಹೋದರು. 50 ಕಿಲೋಮೀಟರ್ ಅಂತ ಬರೆಯುತ್ತಾರೆ. ಆ ಕೆರೆ ದಂಡೆಯ ದಾರಿಯಲ್ಲಿ ಏಸಿ ಕಾರಲ್ಲಿ ಹೋದರೂ ನನಗೆ ಬೆವರು ಕಿತ್ತುಕೊಂಡು ಬರುತ್ತೆ. ಎರಡೂವರೆ ವರ್ಷ ಜೈಲು. ಅದೇ ಹೊತ್ತಿಗೆ, 1872ರ ಫೆಬ್ರವರಿ 17ರಂದು, ಗೋಮೆಸ್, ಬುರ್ಗೋಸ್, ಸಮೋರಾ ಎಂಬ ಮೂವರು ಪಾದ್ರಿಗಳನ್ನು ದಂಗೆಯ ಆರೋಪ ಹೊರಿಸಿ ಮನಿಲಾದ ಬಯಲಲ್ಲಿ ಸರ್ಕಾರ ಕತ್ತು ಬಿಗಿಸಿ ಕೊಂದಿತು. ಅಣ್ಣ ಪಸಿಯಾನೊ ಓದುತ್ತಿದ್ದಾಗ ಇದ್ದದ್ದು ಬುರ್ಗೋಸ್ ಮನೆಯಲ್ಲೇ.

ಹಾಗಾಗಿ ಮನೆತನದ ಮೆರ್ಕಾದೊ ಹೆಸರಿನ ಮೇಲೆ ಸರ್ಕಾರದ ಕಣ್ಣಿತ್ತು. ಅದೇ ವರ್ಷ ಮನಿಲಾದ ಅತೆನೆಯೊ ಶಾಲೆಗೆ ಸೇರುವಾಗ ತಮ್ಮನಿಗೆ 'ರಿಸಾಲ್' ಅಂತ ಬರೆಸು ಅಂದವನು ಈ ಅಣ್ಣನೇ. ಇಂದು ಊರೂರಿನ ಚೌಕದ ಪ್ರತಿಮೆ ಕೆಳಗೆ, ಒಂದು ಪೆಸೊ ನಾಣ್ಯದ ಮೇಲೆ ಇರುವ ಹೆಸರು ಪೊಲೀಸರ ಕಣ್ಣು ತಪ್ಪಿಸಲು ಇಟ್ಟುಕೊಂಡಿದ್ದು.

ಹೆಸರು ಅಂದಾಗ ನನ್ನ ಕಷ್ಟ ಹೇಳಲೇಬೇಕು. ಇಲ್ಲಿ ನಡುವಿನ ಹೆಸರು ಅಂದರೆ ತಾಯಿಯ ತವರುಮನೆಯ ಹೆಸರು. ಒಂದು ಕಚೇರಿಯಲ್ಲಿ ಅರ್ಜಿ ತುಂಬಿ ಕೊಟ್ಟೆ. ಕೌಂಟರ್ ಹೆಂಗಸು 'ಮದ್ದೂರು ನಿಮ್ಮ ತಾಯಿಯ ಮನೆತನವಾ?' ಅಂದಳು. ಅಲ್ಲ ತಾಯಿ, ಅದು ನಮ್ಮೂರು, ರೈಲು ನಿಲ್ಲುತ್ತೆ, ವಡೆ ಸಿಗುತ್ತೆ. ಇದು? ಅಪ್ಪನ ಹೆಸರು. ಹಾಗಾದರೆ ತಾಯಿ ಎಲ್ಲಿ? ಉತ್ತರ ಇರಲಿಲ್ಲ. ನನ್ನ ಎರಡು ಇನಿಷಿಯಲ್‌ಗಳಲ್ಲಿ ಊರಿಗೆ ಜಾಗ ಸಿಕ್ಕಿದೆ, ಅಮ್ಮನಿಗಿಲ್ಲ. ಈ ವಿಷಯದಲ್ಲಿ ಇವರ ಪದ್ಧತಿಯೇ ಮೇಲು ಅನ್ನಿಸಿತು. ಸ್ಪೇನ್‌ನವರು ಹೊರಿಸಿದ್ದೇ ಇರಬಹುದು, ಆದರೂ.

ಇವರದ್ದೆಲ್ಲ ಸರಿ ಅಂತಲ್ಲ. ಶಾಲೆ ಕಾಲೇಜುಗಳಲ್ಲಿ ರಿಸಾಲ್ ಓದಲೇಬೇಕು ಅಂತ 1956ರಿಂದ ಕಾನೂನಿದೆ. ಕಾನೂನಾದ ಮೇಲೆ ಪರೀಕ್ಷೆ, ಪರೀಕ್ಷೆ ಅಂದ ಮೇಲೆ ಉರು ಹೊಡೆಯೋದು. ಅವನ ನಾಯಿಯ ಹೆಸರು ಉಸ್ಮಾನ್ ಅಂತ ಇಲ್ಲಿನ ಹುಡುಗರು ನಿದ್ದೆಯಲ್ಲೂ ಹೇಳುತ್ತಾರೆ. ಪವಾಡದ ಆಸೆಯೂ ಇವರನ್ನು ಬಿಟ್ಟಿಲ್ಲ. ಎಂಟನೇ ವಯಸ್ಸಿಗೇ ರಿಸಾಲ್ ಬರೆದ ಅನ್ನೋ ಒಂದು ತಗಾಲೊಗ್ ಕವಿತೆ ಇದೆ. ತನ್ನ ನುಡಿಯನ್ನು ಪ್ರೀತಿಸದವನು ನಾರುವ ಮೀನಿಗಿಂತ ಕಡೆ ಅನ್ನುತ್ತದೆ ಅದು. ಅಚ್ಚಾಗಿದ್ದು ಮಾತ್ರ 1906ರಲ್ಲಿ, ಅವನನ್ನು ಗುಂಡಿಕ್ಕಿ ಕೊಂದು ಹತ್ತು ವರ್ಷದ ಮೇಲೆ. ಅದರಲ್ಲಿ ಸ್ವಾತಂತ್ರ್ಯ ಅನ್ನೋ ಅರ್ಥದ 'ಕಲಾಯಾನ್' ಪದ ಬರುತ್ತದೆ. ಆ ಪದ ತನಗೆ ಸಿಕ್ಕಿದ್ದು ದೊಡ್ಡವನಾದ ಮೇಲೆ, ಲೇಖಕ ಮಾರ್ಸೆಲೊ ದೆಲ್ ಪಿಲಾರ್ ಮಾಡಿದ ಅನುವಾದದಲ್ಲಿ ಅಂತ ರಿಸಾಲ್ 1886ರಲ್ಲಿ ಅಣ್ಣನಿಗೆ ಕಾಗದ ಬರೆದಿದ್ದಾನೆ. ಇತಿಹಾಸಕಾರ ಆಂಬೆತ್ ಒಕಾಂಪೊ ಅಂಥವರು ಇದು ಅವನದ್ದಲ್ಲ ಅಂತ ಹೇಳಿ ಹೇಳಿ ಸುಸ್ತಾಗಿದ್ದಾರೆ. ಓದಲು ಬಾರದೆ ಬೈಸಿಕೊಂಡ ಹುಡುಗ ಕೈಯಲ್ಲೇ ಇರುವಾಗ ಬಾಲಕವಿ ಯಾಕೆ ಬೇಕಿತ್ತೋ.

ಆಗಸ್ಟ್ ಇಲ್ಲಿ ಭಾಷೆಯ ತಿಂಗಳು, ನಮ್ಮ ನವೆಂಬರ್ ಇದ್ದ ಹಾಗೆ. ಕಳೆದ ಸಲ ನನ್ನ ಮಗಳು ಶಾಲೆಗೆ ಅದೇ ಕವಿತೆ ಕಲಿತಳು. ಅಚ್ಚ ತಗಾಲೊಗ್‌ನಲ್ಲಿ, ಕೈ ಬೀಸಿ, ಮೀನಿನ ಸಾಲಿಗೆ ಮೂಗು ಮುಚ್ಚಿ ತೋರಿಸಿದಳು. ಪಕ್ಕದ ಮನೆ ಅಜ್ಜಿ ಕಣ್ಣೊರೆಸಿಕೊಂಡರು. ನಾನು ಸುಮ್ನಿರಲಾರದೆ 'ಅದು ರಿಸಾಲ್ ಬರೆದದ್ದಲ್ವಂತೆ ಕಣೇ' ಅಂದೆ, ಕನ್ನಡದಲ್ಲಿ.

'ಸೋ ವಾಟ್, ಅಪ್ಪಾ?' ಅಂದಳು.