ರ್‍ಯಾಂಕ್ ಬರುವ ಮೊದಲೇ ಪಟ್ಟಿ ಬರೆಯೋಣ

ನೀಟ್ ಫಲಿತಾಂಶ ಬಂದ ದಿನದಿಂದ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಒಂದೇ ಮಾತು: 'ಈ ಮಾರ್ಕ್ಸಿಗಿ ಎಲ್ಲಿ ಸೀಟ್ ಸಿಗತದ?' ಎಲ್ಲಿ ಓದಿದರೆ ಮಗಳು ಒಳ್ಳೆಯ ವೈದ್ಯೆ ಆದಾಳು ಎಂದು ಕೇಳುವ ವ್ಯವಧಾನ ಆ ಹೊತ್ತಿಗೆ ಯಾರಿಗೂ ಇರುವುದಿಲ್ಲ. ನಾನಿರುವ ಇಂಗ್ಲೆಂಡಿನಲ್ಲಿ ಈ ಎರಡು ಪ್ರಶ್ನೆಗಳ ಸರದಿ ತಿರುವುಮುರುವು. ಅಲ್ಲಿ ಮೊದಲು ಕಾಲೇಜು ಆರಿಸುತ್ತಾರೆ, ಅಂಕ ಆಮೇಲೆ ಬರುತ್ತದೆ.

ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಎ ಲೆವೆಲ್ ಪರೀಕ್ಷೆ ಬೇಸಿಗೆಯಲ್ಲಿ. ವೈದ್ಯಕೀಯಕ್ಕೆ ಅರ್ಜಿ ಹಾಕುವ ಕೊನೆಯ ದಿನ ಅದಕ್ಕೂ ಹಿಂದಿನ ಅಕ್ಟೋಬರ್ 15. ಯುಕಾಸ್ ಎಂಬ ಒಂದೇ ಕೇಂದ್ರಕ್ಕೆ ಅರ್ಜಿ, ಅದರಲ್ಲಿ ವೈದ್ಯಕೀಯಕ್ಕೆ ನಾಲ್ಕೇ ವಿಶ್ವವಿದ್ಯಾಲಯಗಳ ಹೆಸರು. ಐದನೆಯ ಜಾಗ ಬೇರೆ ಕೋರ್ಸಿಗೆ. ನಾಲ್ಕೇ ಎಂದಾಗ ನೋಡದೆ ಬರೆಯಲು ಆಗುವುದಿಲ್ಲ. ಕಾಲೇಜುಗಳು ವರ್ಷಕ್ಕೆ ಕೆಲವು ದಿನ ಬಾಗಿಲು ತೆರೆದಿಡುತ್ತವೆ. ಮಕ್ಕಳು ಹೋಗಿ ಕೇಳುತ್ತಾರೆ: ಶವಚ್ಛೇದನ ನಾವೇ ಮಾಡುತ್ತೇವೆಯೋ, ಬಿಡಿಸಿಟ್ಟ ಅಂಗಗಳನ್ನು ನೋಡಿ ಕಲಿಯುತ್ತೇವೆಯೋ? ವಾರ್ಡಿಗೆ ಹೋಗುವುದು ಮೊದಲ ವರ್ಷವೋ, ಮೂರನೆಯದೋ? ನರ್ಸಿಂಗಿನಲ್ಲಂತೂ ಇನ್ನೂ ಮೊದಲೇ ತೀರ್ಮಾನ. ವಯಸ್ಕರ ಶುಶ್ರೂಷೆ, ಮಕ್ಕಳದು, ಮಾನಸಿಕ ಆರೋಗ್ಯ, ಕಲಿಕಾ ಅಂಗವೈಕಲ್ಯ, ಈ ನಾಲ್ಕರಲ್ಲಿ ಯಾವುದು ಎಂದು ಸಾಮಾನ್ಯವಾಗಿ ಅರ್ಜಿಯಲ್ಲೇ ಹೇಳಬೇಕು. ಕನಿಷ್ಠ 2,300 ಗಂಟೆ, ಅದರಲ್ಲಿ ಬಹುಪಾಲು ರೋಗಿಗಳ ಬಳಿ, ಕೆಲಸ ಕಲಿಯದೆ ನೋಂದಣಿ ಇಲ್ಲ. ಹಾಗಾಗಿ ಯಾವ ಆಸ್ಪತ್ರೆಗಳಿಗೆ ಕಳಿಸುತ್ತೀರಿ ಎನ್ನುವುದೇ ಅಲ್ಲಿನ ಮೊದಲ ಪ್ರಶ್ನೆ.

ಅಲ್ಲಿನದೆಲ್ಲ ಇಲ್ಲಿಗೆ ಬರಲಿ ಎಂದು ನಾನು ಹೇಳುವುದಿಲ್ಲ. ಸೀಟು ಕೊಡುವ ಮೊದಲು ಅಲ್ಲಿ ನಡೆಸುವ ಸಂದರ್ಶನ ಬೇಡವೇ ಬೇಡ. ಒಂದೊಂದು ಮೇಜಿನಲ್ಲಿ ಕೆಲವೇ ನಿಮಿಷ ಮಾತಾಡಿಸಿ ಅಂಕ ಕೊಡುವ ಆ ಪದ್ಧತಿಯಲ್ಲಿ ಡಾಕ್ಟರ ಮನೆಯಲ್ಲಿ ಬೆಳೆದ ಮಗುವಿಗೆ ಮಾತು ಸಲೀಸು. ಶಹಾಪುರದ ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆ ಓದಿದ ಹುಡುಗಿಗೆ ಅದು ಇನ್ನೊಂದು ಗೋಡೆ. ಒಂದೇ ಪರೀಕ್ಷೆ, ಒಂದೇ ರ್‍ಯಾಂಕ್ ಎನ್ನುವ ನಮ್ಮ ಪದ್ಧತಿ ಈ ವಿಷಯದಲ್ಲಿ ಹೆಚ್ಚು ನ್ಯಾಯದ್ದು. ನಮಗೆ ಬೇಕಾದದ್ದು ಅವರ ಮುಂಚಿತವಾಗಿ ನೋಡುವ ಅಭ್ಯಾಸ ಮಾತ್ರ.

ಯಾಕೆಂದರೆ ನಮ್ಮಲ್ಲಿ ಎಡವುವುದು ಹೆಚ್ಚಾಗಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಪಟ್ಟಿ ಮಾಡಿ ಕೊಡುವಲ್ಲಿ. 'ಸಿಗೋದೇ ಮೊದಲು ಹಾಕ್ರಿ, ದೊಡ್ಡದು ಹಾಕಿದ್ರ ಇದ್ದದ್ದೂ ಹೋಗತದ' ಎಂಬ ಸಲಹೆ ಊರೆಲ್ಲ ಓಡಾಡುತ್ತದೆ. ಇದು ತಪ್ಪು. ಗಣಕಯಂತ್ರ ಅಭ್ಯರ್ಥಿಗಳನ್ನು ರ್‍ಯಾಂಕಿನ ಸಾಲಿನಲ್ಲಿ ನಿಲ್ಲಿಸುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಖಾಲಿ ಕಂಡ ಸೀಟು ಕೊಡುತ್ತದೆ. ಮೇಲೆ ಬರೆದ ಹತ್ತು ಸಿಗದಿದ್ದರೂ ಹನ್ನೊಂದನೆಯದರ ಮೇಲಿನ ನಿಮ್ಮ ಹಕ್ಕು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಸಿಕ್ಕೇ ಸಿಗುವುದನ್ನು ಮೇಲೆ ಬರೆದರೆ ಮಾತ್ರ ನಷ್ಟ: ಅದು ಹಂಚಿಕೆಯಾದ ಕೂಡಲೇ ಅದರ ಕೆಳಗಿನವೆಲ್ಲ ಅಳಿದುಹೋಗುತ್ತವೆ, ಮುಂದಿನ ಸುತ್ತಿಗೂ ಬರುವುದಿಲ್ಲ.

ಇನ್ನೊಂದು ಪೆಟ್ಟು ಶುಲ್ಕದ್ದು. ಒಂದೇ ಖಾಸಗಿ ಕಾಲೇಜು ಪಟ್ಟಿಯಲ್ಲಿ ಎರಡು ಮೂರು ಸಲ ಕಾಣುತ್ತದೆ. ಸರ್ಕಾರಿ ಕೋಟಾದ ಸೀಟು ಬೇರೆ, ಖಾಸಗಿ ಸೀಟು ಬೇರೆ, ಎನ್‌ಆರ್‌ಐ ಬೇರೆ. ಕಾಲೇಜಿನ ಹೆಸರು ನೋಡಿ ಒತ್ತಿ, ಶುಲ್ಕದ ಕಾಲಂ ನೋಡದೆ ಬಿಟ್ಟರೆ ವರ್ಷಕ್ಕೆ ಹಲವು ಲಕ್ಷದ ಸೀಟು ತಲೆಗೆ ಬರುತ್ತದೆ. ಕಟ್ಟಲಾಗದ ಸೀಟನ್ನು ಪಟ್ಟಿಗೇ ಸೇರಿಸಬೇಡಿ. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆ ಬಂದಾಗ ಮನೆಯವರೆಲ್ಲ ಕೂತು ಒಂದೊಂದೇ ಸಾಲು ಓದಿ, ತಿದ್ದಲು ಸಿಗುವ ಅವಕಾಶ ಅದೇ. ಸೀಟು ಬಂದಮೇಲೆ ಚಾಯ್ಸ್ 1 ಎಂದರೆ ಇದೇ ಸಾಕು ಎಂದರ್ಥ. ಚಾಯ್ಸ್ 2 ಎಂದರೆ ಇದೂ ಇರಲಿ, ಮೇಲಿನದು ಸಿಕ್ಕರೆ ಹೋಗುತ್ತೇನೆ ಎಂದರ್ಥ. ಹಾಗೆ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಕೈಬಿಡುತ್ತದೆ, ವಾಪಸು ಕೇಳುವಂತಿಲ್ಲ. ಲಾಗಿನ್ ಗುಟ್ಟನ್ನು ಸೈಬರ್ ಸೆಂಟರಿನಲ್ಲಿ ಬಿಟ್ಟು ಬರುವುದಂತೂ ಮನೆ ಕೀಲಿ ಬೀದಿಯಲ್ಲಿ ಇಟ್ಟ ಹಾಗೆ.

ನಮ್ಮ ಭಾಗದ ಮಕ್ಕಳ ಕೈಯಲ್ಲಿ ದೊಡ್ಡ ಬಲವೊಂದಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳ ಪೈಕಿ 70%, ರಾಜ್ಯದ ಉಳಿದೆಡೆ 8% ಸ್ಥಳೀಯರಿಗೆ. ಆದರೆ ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಫಲಿತಾಂಶ ಬಂದಮೇಲೆ ಓಡಿದರೆ ಅಲ್ಲಿ ಜಾತ್ರೆ. ಮೊದಲ ಪಿಯುಸಿಯಲ್ಲೇ ಮಾಡಿಸಿಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು, ತಂದೆಯ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು. 'ಬಸವರಾಜ', 'ಬಸವರಾಜಪ್ಪ' ಎಂಬಷ್ಟು ವ್ಯತ್ಯಾಸವೂ ದಾಖಲೆ ಪರಿಶೀಲನೆಯ ಮೇಜಿನಲ್ಲಿ ದಿನ ತಿನ್ನುತ್ತದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದರದೇ ಮೀಸಲಾತಿ ಇದೆ. ಎರಡಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಯ ರುಜು ಬೇಕು, ಮುಖ್ಯೋಪಾಧ್ಯಾಯರದೊಂದೇ ಸಾಲದು. ತಂದೆತಾಯಿ ಇಎಸ್‌ಐ ವಿಮೆಗೆ ಸೇರಿದ ಕಾರ್ಮಿಕರಾಗಿದ್ದರೆ ಕಲಬುರಗಿಯ ಇಎಸ್‌ಐಸಿ ವೈದ್ಯಕೀಯ ಕಾಲೇಜಿನಲ್ಲಿ ಅವರ ಮಕ್ಕಳಿಗೆಂದೇ ಸೀಟುಗಳಿವೆ. ಅವು ಕೆಇಎಯಿಂದ ಅಲ್ಲ, ದೆಹಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೂಲಕ ಹಂಚಿಕೆಯಾಗುತ್ತವೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ಚಿತ್ತಾಪುರದ ಕಡೆಯವರು ಇದನ್ನು ವಿಚಾರಿಸಲೇಬೇಕು.

ಬೆಂಗಳೂರಿನ ಕಾಲೇಜು ಎಂದರೆ ಮೇಲು, ನಮ್ಮೂರಿನದೆಂದರೆ ಗತಿಯಿಲ್ಲದವರಿಗೆ ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ವೈದ್ಯ ತಯಾರಾಗುವುದು ರೋಗಿಯ ಮಂಚದ ಪಕ್ಕ. ಬೀದರಿನ ಸರ್ಕಾರಿ ವೈದ್ಯಕೀಯ ಕಾಲೇಜು ಬ್ರಿಮ್ಸ್‌ನ ಹೊರರೋಗಿ ವಿಭಾಗದಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳಿಸುತ್ತವೆ. ಅಲ್ಲಿ ರೋಗದ ಕಥೆ ಕೇಳಿ ಬರೆದುಕೊಳ್ಳಲು ಕಲಿತವರು ಎಲ್ಲಿ ಹೋದರೂ ತಡವರಿಸುವುದಿಲ್ಲ. 1963ರಲ್ಲಿ ಶುರುವಾದ ಕಲಬುರಗಿಯ ರಾಂಪುರೆ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳ ಬಳಗ ದೊಡ್ಡದು. ಯಾದಗಿರಿಯದು 2022ರಲ್ಲಿ ಶುರುವಾದದ್ದು, ಅಲ್ಲಿ ಆ ಬಳಗ ಇನ್ನಷ್ಟೇ ಬೆಳೆಯಬೇಕು. ಹಾಗೆಂದು ಹೊಸದು ಬೇಡವೆನ್ನಬೇಕಿಲ್ಲ, ನೋಡಿ ತೀರ್ಮಾನಿಸಬೇಕು.

ನೋಡುವುದು ಹೇಗೆ? ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೋಗಿ ಹೊರರೋಗಿಗಳ ಸಾಲು ನೋಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ 150 ಸೀಟಿನ ಕಾಲೇಜಿಗೆ 605 ಹಾಸಿಗೆ ಬೇಕು. ಹಾಸಿಗೆ ಎಣಿಸುವುದಕ್ಕಿಂತ ಅವುಗಳ ಮೇಲೆ ರೋಗಿಗಳಿದ್ದಾರೆಯೇ ನೋಡುವುದು ಮುಖ್ಯ. ಓದು ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿರುವ ಹೌಸ್ ಸರ್ಜನ್ ಒಬ್ಬರನ್ನು ಹಿಡಿದು ಕೇಳಿ: ಎಷ್ಟು ಹೆರಿಗೆ ಸ್ವತಃ ಮಾಡಿಸಿದಿರಿ? ಹೊಲಿಗೆ ಹಾಕಲು ಕೈಗೆ ಕೊಡುತ್ತಾರೆಯೇ? ಸ್ಟೈಪೆಂಡ್ ಎಷ್ಟು, ತಿಂಗಳಿಗೆ ಸರಿಯಾಗಿ ಬರುತ್ತದೆಯೇ? ಪಿಜಿ ವಿದ್ಯಾರ್ಥಿಗಳು ತುಂಬಿದ್ದರೆ ಕೈಕೆಲಸವೆಲ್ಲ ಅವರ ಪಾಲಾಗಬಹುದು. ಅವರೇ ಇಲ್ಲದಿದ್ದರೆ ರಾತ್ರಿ ಪಾಳಿಯಲ್ಲಿ ಹೇಳಿಕೊಡುವವರು ಸಿಗಲಿಕ್ಕಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಆಸ್ಪತ್ರೆಗೆ ರಾತ್ರಿ ಎರಡಕ್ಕೆ ನಡೆದು ಹೋಗುವ ದಾರಿಯಲ್ಲಿ ದೀಪವಿದೆಯೇ ಎಂದೂ ನೋಡಿ. ನರ್ಸಿಂಗ್ ಆದರೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಮಕ್ಕಳು ವಾರಕ್ಕೆಷ್ಟು ದಿನ ಅಲ್ಲಿರುತ್ತಾರೆ ಎಂದು ಕೇಳದೆ ಶುಲ್ಕ ಕಟ್ಟಬೇಡಿ.

ವಿದೇಶಕ್ಕೆ ಕಳಿಸುವವರಿಗೆ ಇಷ್ಟೇ ಮಾತು. ಅದೇ ಆಯೋಗದ 2021ರ ನಿಯಮದ ಪ್ರಕಾರ ಅಲ್ಲಿ ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮೂರೂ ಆಗಬೇಕು. ಏಜೆಂಟರ ಕರಪತ್ರದಲ್ಲಿ ಇವು ಮೂರೂ ಬರಹದಲ್ಲಿ ಇಲ್ಲದಿದ್ದರೆ ಎದ್ದು ಬನ್ನಿ.

ನಮ್ಮ ಭಾಗದ ಕಾಲೇಜುಗಳಿಗೆ ನನ್ನದೊಂದು ಕೋರಿಕೆ. ಆಪ್ಷನ್ ಎಂಟ್ರಿಗೆ ಮೊದಲಿನ ಒಂದು ಭಾನುವಾರ ಬಾಗಿಲು ತೆರೆಯಿರಿ. ಶರೀರರಚನಾ ವಿಭಾಗ, ಹಾಸ್ಟೆಲಿನ ಊಟದ ಮನೆ ತೋರಿಸಿ, ಶುಲ್ಕದ ಚೀಟಿ ಗೋಡೆಗೆ ಅಂಟಿಸಿ. ವಾರ್ಡಿನೊಳಗೆ ಗುಂಪು ಬೇಡ, ಹೌಸ್ ಸರ್ಜನ್ನರನ್ನು ಹೊರಗೆ ಕೂರಿಸಿ ಮಾತಿಗೆ ಬಿಡಿ. ಆಳಂದದಿಂದ, ಔರಾದಿನಿಂದ, ಸುರಪುರದಿಂದ ಬೆಳಗಿನ ಬಸ್ಸಿಗೆ ಹೊರಟ ತಂದೆ ಮಗಳು ಸಂಜೆಗೆ ಮನೆ ಮುಟ್ಟುವ ಹಾಗಿದ್ದರೆ ಸಾಕು.