ಕೈಮೀರಿದ ಮಕ್ಕಳನ್ನ ಮನೆಯಿಂದ ದೂರ ಇಟ್ಟು ಚಿಕಿತ್ಸೆ ಕೊಡಿಸ್ಬೇಕಾ? ಪರ-ವಿರೋಧ

ಇಲ್ಲಿ ಮಾತಾಡ್ತಿರೋದು ಎದುರು ಮಾತಾಡೋ, ಬಾಗಿಲು ಧಡಾರ್ ಅಂತ ಹಾಕ್ಕೊಳ್ಳೋ ಮಾಮೂಲಿ ಹದಿಹರೆಯದ ಬಗ್ಗೆ ಅಲ್ಲ. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಬಿಟ್ಟುಹೋದ ಅಪ್ಪ ಅಮ್ಮ, ಕಣ್ಣೆದುರೇ ನಡೆದ ಸಾವು, ಇಂಥದ್ದೇನನ್ನೋ ಒಳಗಿಟ್ಕೊಂಡು ಬೆಳೆದು ಈಗ 13-17ರ ವಯಸ್ಸಲ್ಲಿ ತಮಗೆ ತಾವೇ ಗಾಯ ಮಾಡ್ಕೊಳ್ಳೋ, ಮನೆ ಬಿಟ್ಟು ಓಡಿಹೋಗೋ, ಕೈಗೆ ಸಿಕ್ಕಿದ್ದನ್ನ ಒಡೆದುಹಾಕೋ, ನಶೆಗೆ ಬಿದ್ದಿರೋ ಮಕ್ಕಳ ಬಗ್ಗೆ. ಇವರನ್ನ ತಿಂಗಳುಗಟ್ಟಲೆ ವಸತಿ ಚಿಕಿತ್ಸಾ ಕೇಂದ್ರದಲ್ಲಿ, ಅಂದ್ರೆ ರೆಸಿಡೆನ್ಶಿಯಲ್ ಟ್ರೀಟ್‌ಮೆಂಟ್ ಸೆಂಟರ್‌ನಲ್ಲಿ ಇಡೋದು ಸರಿಯಾ? ಎರಡೂ ಕಡೆ ನಾನೇ ಬರೀತಿದೀನಿ, ಯಾಕಂದ್ರೆ ಎರಡೂ ಕಡೆ ನಿಜ ಇದೆ ಅಂತ ನಂಗನ್ಸುತ್ತೆ, ಒಂದು ಕಡೆ ಜಾಸ್ತಿ ಇದೆ ಅಂತಾನೂ ಅನ್ಸುತ್ತೆ, ಅದು ಯಾವ ಕಡೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ.

ಪರ: ಉಳಿದ 167 ಗಂಟೆ ಯಾರು ನೋಡ್ಕೋತಾರೆ

ವಾರಕ್ಕೆ ಒಂದು ಗಂಟೆ ಕೌನ್ಸೆಲಿಂಗ್ ಅಂತ ಬರ್ಕೊಡ್ತಾರೆ. ವಾರದಲ್ಲಿ ಇರೋದು 168 ಗಂಟೆ. ರಾತ್ರಿ 2 ಗಂಟೆಗೆ ಕೆಟ್ಟ ಕನಸು ಬಿದ್ದು ಇಂಥ ಒಬ್ಬ ಹುಡುಗಿ ಕಿರುಚ್ತಾ ಎದ್ದು ಕೂತಾಗ, ಬೆಳಿಗ್ಗೆ ಬೇಗ ಏಳು ಅಂದಿದ್ದಕ್ಕೇ ಕಿಟಕಿ ಗಾಜು ಒಡೆದಾಗ ಪಕ್ಕದಲ್ಲಿರೋದು ಅವಳ ಅಮ್ಮ. ಆ ಅಮ್ಮ ಸರಿಯಾಗಿ ನಿದ್ದೆ ಮಾಡಿ ಎಷ್ಟು ತಿಂಗಳಾಯ್ತೋ ಅವಳಿಗೇ ನೆನಪಿಲ್ಲ, ಚಾಕು ಕತ್ತರಿ ಮಾತ್ರೆ ಎಲ್ಲಾನೂ ಬೀರುವಿನಲ್ಲಿಟ್ಟು ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡ್ತಿದಾಳೆ, ಅಕ್ಕನ ದನಿ ಏರಿದ್ರೆ ಸಾಕು ಚಿಕ್ಕ ತಮ್ಮ ಹೋಗಿ ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂರ್ತಾನೆ. ಇಂಥ ಮನೆಗೆ ಬಂದು ಮಕ್ಕಳಿಗೆ ಮನೆಗಿಂತ ಒಳ್ಳೆ ಜಾಗ ಇಲ್ಲ ಅಂತ ಹೇಳೋರು ಸಂಜೆ ತಮ್ಮ ಮನೆಗೆ ಹೋಗಿ ಮಲಗ್ತಾರೆ. ತಮ್ಮನೂ ಒಂದು ಮಗು, ಅವನ ಬಾಲ್ಯದ ಲೆಕ್ಕ ಇಡೋರು ಯಾರು?

ಇನ್ನು ಎಷ್ಟೋ ಸಲ ಗಾಯ ಆಗಿರೋದೇ ಮನೆಯಲ್ಲಿ. ಅಮೆರಿಕದಲ್ಲಿ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನ ಅವರ ಬಾಲ್ಯದ ಬಗ್ಗೆ ಕೇಳಿ ಮಾಡಿದ ಒಂದು ದೊಡ್ಡ ಅಧ್ಯಯನದ ಮೊದಲ ಫಲಿತಾಂಶ 1998ರಲ್ಲಿ ಬಂತು, ಅದರಲ್ಲಿ ಪಟ್ಟಿ ಮಾಡಿದ ಕಹಿ ಅನುಭವಗಳು, ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿ ಮೇಲೆ ಹಲ್ಲೆ, ಮನೆಯವರ ಕುಡಿತ, ಮಾನಸಿಕ ಕಾಯಿಲೆ, ಜೈಲುವಾಸ, ಬಹುಪಾಲು ನಾಲ್ಕು ಗೋಡೆ ಒಳಗಿನವೇ. ಇಂಥ 4 ಅಥವಾ ಅದಕ್ಕಿಂತ ಜಾಸ್ತಿ ಅನುಭವ ಇದ್ದವರಲ್ಲಿ ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ, ಒಂದೂ ಇಲ್ಲದವರಿಗಿಂತ 4ರಿಂದ 12 ಪಟ್ಟು ಜಾಸ್ತಿ ಕಂಡುಬಂತು. ಹೊಡೆದವನು ಇನ್ನೂ ಪಕ್ಕದ ರೂಮಲ್ಲೇ ಇದ್ದಾಗ ಆದದ್ದನ್ನ ಮರೆತುಬಿಡು, ಸಮಾಧಾನ ಮಾಡ್ಕೋ ಅಂತ ಹೇಳೋಕಾಗುತ್ತಾ? ಟ್ರಾಮಾ ಥೆರಪಿ, ಅಂದ್ರೆ ಇಂಥ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಮಾಡೋ ಯಾರನ್ನೇ ಕೇಳಿ, ಮೊದಲ ಹೆಜ್ಜೆ ಸುರಕ್ಷತೆ ಅಂತಾರೆ. ಅಪಾಯ ಇನ್ನೂ ನಡೀತಿರುವಾಗ ಹಳೇ ನೆನಪನ್ನ ಕೆದಕೋ ಹಾಗಿಲ್ಲ.

ಈ ಮಕ್ಕಳ ಸಿಟ್ಟು ಸಿಟ್ಟಲ್ಲ, ಬಹುಪಾಲು ಭಯ. ಮಿದುಳಿನಲ್ಲಿ ಅಪಾಯ ಪತ್ತೆ ಹಚ್ಚೋ ಅಮಿಗ್ಡಲಾ ಅನ್ನೋ ಭಾಗ ಸದಾ ಎಚ್ಚರವಾಗೇ ಇರುತ್ತೆ, ತಡಿ ಯೋಚ್ನೆ ಮಾಡು ಅಂತ ಬ್ರೇಕ್ ಹಾಕೋ ಹಣೆ ಹಿಂದಿನ ಭಾಗ ಪೂರ್ತಿ ಬಲಿಯೋಕೆ ಇಪ್ಪತ್ತೈದರ ಹತ್ತಿರ ಆಗುತ್ತೆ. ಹಾಗಾಗಿ ಯಾರೋ ಹಿಂದಿನಿಂದ ಭುಜ ಮುಟ್ಟಿದ್ರೆ ಮೈ ತಾನಾಗೇ ಹೊಡೆಯೋಕೋ ಓಡೋಕೋ ರೆಡಿ ಆಗ್ಬಿಡುತ್ತೆ. ಇದಕ್ಕೆ ಉಪದೇಶ ನಾಟಲ್ಲ. ಬೇಕಾಗಿರೋದು ದಿನಾ ಒಂದೇ ಥರ ನಡೆಯೋ ದಿನಗಳು, ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ, ಕಿರುಚಿದ್ರೆ ತಿರುಗಿ ಕಿರುಚದ ದೊಡ್ಡವರು, ರಾತ್ರಿ ಎಚ್ಚರ ಇರೋಕೇ ಅಂತ ಡ್ಯೂಟಿಯಲ್ಲಿರೋ ಒಬ್ಬರು.

ಇದು ಹೊಸ ಯೋಚನೆ ಅಲ್ಲ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಲ್ಲಿ ಆಗಸ್ಟ್ ಐಕ್‌ಹಾರ್ನ್ ಅನ್ನೋ ಶಿಕ್ಷಕ ಒಂದು ವಸತಿ ಕೇಂದ್ರ ನಡೆಸ್ತಿದ್ದ. ಅತೀ ಹೊಡೆದಾಡೋ ಹುಡುಗರ ಗುಂಪೊಂದನ್ನ ಬೇರೆ ಇಟ್ಟು, ಏನೇ ಮಾಡಿದ್ರೂ ತಿರುಗಿ ಕೈ ಎತ್ತಬಾರದು ಅಂತ ಸಿಬ್ಬಂದಿಗೆ ಹೇಳಿದ. ಹುಡುಗರ ಗಲಾಟೆ ಮೊದಮೊದಲು ಕಮ್ಮಿ ಆಗಲಿಲ್ಲ, ಜಾಸ್ತಿನೇ ಆಯ್ತು, ಮೇಜು ಕುರ್ಚಿ ಮುರಿದ್ರು, ಕಿಟಕಿ ಒಡೆದ್ರು, ಆಮೇಲೆ ಬರಬೇಕಾದ ಹೊಡೆತ ಬರ್ತಾನೇ ಇಲ್ಲ ಅಂತ ಗೊತ್ತಾದಾಗ ಅಳೋಕೆ ಶುರು ಮಾಡಿದ್ರು, ಅಲ್ಲಿಂದ ನಿಧಾನಕ್ಕೆ ತಣ್ಣಗಾದ್ರು. ಇದನ್ನ ಅವನು 1925ರಲ್ಲಿ ಬರೆದಿಟ್ಟ. ಯಾವ ಅಮ್ಮ, ಎಷ್ಟೇ ಪ್ರೀತಿ ಇರ್ಲಿ, ತನ್ನ ಒಂದೇ ಮನೆಯಲ್ಲಿ ಒಬ್ಬಳೇ ಇದನ್ನ ತಡ್ಕೊಳ್ಳೋಕಾಗುತ್ತೆ? ಮುಂದೆ 1946ರಲ್ಲಿ ಡೆಟ್ರಾಯ್ಟ್‌ನಲ್ಲಿ ಫ್ರಿಟ್ಜ್ ರೆಡ್ಲ್ ಇದೇ ದಾರಿಯಲ್ಲಿ ಒಂದು ಸಣ್ಣ ಮನೆ ಮಾಡಿ ಹುಡುಗರನ್ನ ಇಟ್ಕೊಂಡ. ಜಗಳ ಆದ ಜಾಗದಲ್ಲೇ, ಆದ ಹೊತ್ತಲ್ಲೇ ಕೂತು ಮಾತಾಡ್ಬೇಕು, ಗುರುವಾರದ ಅಪಾಯಿಂಟ್‌ಮೆಂಟ್‌ವರೆಗೆ ಕಾದ್ರೆ ಮಗುವಿಗೆ ಆ ಕ್ಷಣಾನೇ ಕೈಜಾರಿರುತ್ತೆ, ಇದು ಅವನು ಕಂಡುಕೊಂಡಿದ್ದು. ದುಡ್ಡಿಲ್ಲದೆ ಎರಡು ವರ್ಷದಲ್ಲಿ ಆ ಮನೆ ಮುಚ್ಚಿಹೋಯ್ತು, ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ಮಾತ್ರೆಗಳ ವಿಷ್ಯಾನೂ ಇದೆ. ಒಬ್ಬ ಡಾಕ್ಟರ್ ನಿದ್ದೆಗೆ, ಇನ್ನೊಬ್ಬರು ಸಿಟ್ಟಿಗೆ, ಮತ್ತೊಬ್ಬರು ಏಕಾಗ್ರತೆಗೆ ಅಂತ ಬರೆದು ಮೂರು ನಾಲ್ಕು ಸೇರಿರುತ್ತೆ, ಯಾವುದು ಕಾಯಿಲೆ ಯಾವುದು ಮಾತ್ರೆಯ ಅಡ್ಡಪರಿಣಾಮ ಅಂತ ಯಾರಿಗೂ ತಿಳಿಯಲ್ಲ. ಹಗಲು ರಾತ್ರಿ ಕಣ್ಣೆದುರು ಇದ್ರೆ ಒಂದೊಂದಾಗಿ ಇಳಿಸಿ ನೋಡೋಕೆ ಧೈರ್ಯ ಬರುತ್ತೆ.

ಮತ್ತೆ ಕೇಂದ್ರಗಳು ಸುಧಾರಿಸಲ್ಲ ಅನ್ನೋದೂ ಸುಳ್ಳು. ಕಾರ್ನೆಲ್ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ತರಬೇತಿ ಕ್ರಮದಲ್ಲಿ ಅಡುಗೆಯವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಮಗುವಿನ ನಡವಳಿಕೆ ಹಿಂದಿನ ನೋವನ್ನ ನೋಡೋದು ಕಲಿಸ್ತಾರೆ. ಅದನ್ನ ಅಳವಡಿಸ್ಕೊಂಡ ಕೇಂದ್ರಗಳಲ್ಲಿ ಸಿಬ್ಬಂದಿ ಮೇಲೆ ಕೈ ಮಾಡೋದು, ವಸ್ತು ಒಡೆಯೋದು, ಓಡಿಹೋಗೋದು ಕಮ್ಮಿ ಆಯ್ತು ಅಂತ 2016ರಲ್ಲಿ ಪ್ರಕಟವಾಯ್ತು. ಮಕ್ಕಳು ಅದೇ ಥರದವರು, ಬದಲಾದದ್ದು ದೊಡ್ಡವರು.

ವಿರೋಧ: ವಾಪಸ್ ಬರೋ ದಿನದ ಮಾತು

168 ಗಂಟೆ ಲೆಕ್ಕಾನೇ ತಗೊಳ್ಳಣ. ಕೇಂದ್ರದಲ್ಲೂ ಥೆರಪಿಸ್ಟ್ ಸಿಗೋದು ವಾರಕ್ಕೆ ಒಂದೆರಡು ಗಂಟೆ, ಉಳಿದ ಹೊತ್ತು ಮಗು ಇರೋದು ಶಿಫ್ಟ್ ಸಿಬ್ಬಂದಿ ಕೈಯಲ್ಲಿ. ಅಲ್ಲಿ ಅತೀ ಕಮ್ಮಿ ಸಂಬಳ ಅವರಿಗೇ, ಅತೀ ಕಮ್ಮಿ ಟ್ರೈನಿಂಗ್ ಅವರಿಗೇ, ಅತೀ ಬೇಗ ಕೆಲಸ ಬಿಟ್ಟುಹೋಗೋರೂ ಅವರೇ. ಅವರ ಮೇಲೆ ನಂಗೆ ಸಿಟ್ಟಿಲ್ಲ, ಅಷ್ಟು ಭಾರ ಅಷ್ಟು ಸಂಬಳಕ್ಕೆ ಯಾರೂ ಹೊರೋಕಾಗಲ್ಲ. ಆದ್ರೆ ಮಗುವಿನ ಕಡೆಯಿಂದ ನೋಡಿ, ಎಲ್ಲರೂ ಬಿಟ್ಟುಹೋಗ್ತಾರೆ ಅನ್ನೋದೇ ಅದರ ಮೂಲ ಗಾಯ, ಕೊನೆಗೂ ಒಬ್ಬ ಅಕ್ಕನ್ನ ನಂಬೋಕೆ ಶುರು ಮಾಡಿ ಮೂರು ತಿಂಗಳಾಗಿರುತ್ತೆ, ಒಂದು ಸೋಮವಾರ ಆ ಅಕ್ಕ ಬರಲ್ಲ.

ಎರಡನೇದು, ಒಂದೇ ಥರದ ಕಷ್ಟದಲ್ಲಿರೋ ಇಪ್ಪತ್ತು ಮಕ್ಕಳನ್ನ ಒಂದೇ ಸೂರಿನಡಿ ಕೂಡಿಹಾಕೋದು. ಈ ವಯಸ್ಸಲ್ಲಿ ಅಪ್ಪ ಅಮ್ಮ ಟೀಚರ್ ಹೇಳಿದ್ದಕ್ಕಿಂತ ಜೊತೆಗಾರ ನಕ್ಕಿದ್ದು ಜಾಸ್ತಿ ಕೆಲಸ ಮಾಡುತ್ತೆ. ಥಾಮಸ್ ಡಿಶಿಯನ್, ಜೋನ್ ಮೆಕಾರ್ಡ್, ಫ್ರಾಂಸ್ವಾ ಪೂಲಾ ಈ ಮೂವರು ಸಂಶೋಧಕರು 1999ರಲ್ಲಿ ತೋರಿಸಿದ್ದು ಇದನ್ನೇ, ಹಾದಿ ತಪ್ಪೋ ಅಪಾಯದಲ್ಲಿರೋ ಹದಿಹರೆಯದವರನ್ನ ಗುಂಪು ಮಾಡಿ ತಿದ್ದೋಕೆ ಹೋದಾಗ ಕೆಲವು ಕಡೆ ಸಿಗರೇಟು, ಪುಂಡಾಟ ಜಾಸ್ತಿನೇ ಆಯ್ತು. ಅದ್ರಲ್ಲಿ ಒಂದು ಉದಾಹರಣೆ ಹುಡುಗರು ಹಾದಿ ತಪ್ಪದ ಹಾಗೆ ನೋಡ್ಕೊಳ್ಳೋಕೆ ಅಮೆರಿಕದಲ್ಲಿ 1939ರಲ್ಲಿ ಶುರುವಾದ ಹಳೇ ಯೋಜನೆಯದ್ದು, ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋಗಿಬಂದ ಹುಡುಗರೇ ದೊಡ್ಡವರಾದ ಮೇಲೆ ಹೆಚ್ಚು ಕೆಟ್ಟ ಸ್ಥಿತಿಯಲ್ಲಿದ್ರು. ಅವರನ್ನ ಕಳ್ಸಿದೋರೆಲ್ಲ ಒಳ್ಳೇದಾಗ್ಲಿ ಅಂತಾನೇ ಕಳ್ಸಿದ್ದು.

ಆದ್ರೆ ನಂಗೆ ನಿಜವಾಗ್ಲೂ ನಿದ್ದೆಗೆಡಿಸೋದು ಮುಚ್ಚಿದ ಬಾಗಿಲು. ಅಮೆರಿಕದಲ್ಲಿ ಇದು ದೊಡ್ಡ ಉದ್ಯಮ, ದಾಖಲೆನೂ ಅಲ್ಲಿ ಜಾಸ್ತಿ ಸಿಗುತ್ತೆ. 2007ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಕೊಟ್ಟ ವರದಿಯಲ್ಲಿ ಸಾವಿರಾರು ದೌರ್ಜನ್ಯದ ಆರೋಪ ಇದ್ವು, 2005 ಒಂದೇ ವರ್ಷದಲ್ಲಿ 33 ರಾಜ್ಯಗಳಿಂದ 1,619 ಸಿಬ್ಬಂದಿ ಇಂಥ ಘಟನೆಗಳಲ್ಲಿ ಭಾಗಿ ಅಂತ ವರದಿಯಾಗಿತ್ತು, ಮಕ್ಕಳು ಸತ್ತ 10 ಪ್ರಕರಣಗಳನ್ನ ಬಿಡಿಸಿ ನೋಡಿದ್ರು. ಹದಿನೇಳು ವರ್ಷ ಆದ್ಮೇಲೆ, 2024ರ ಜೂನ್‌ನಲ್ಲಿ, ಸೆನೆಟ್‌ನ ಹಣಕಾಸು ಸಮಿತಿ ಮತ್ತೆ ತನಿಖೆ ಮಾಡಿ ವರದಿ ಕೊಟ್ಟಾಗಲೂ ಅದೇ ಕಥೆ, ಹೊಡೆತ, ಲೈಂಗಿಕ ದೌರ್ಜನ್ಯ, ಅಗತ್ಯ ಇಲ್ಲದಿದ್ರೂ ಹಿಡಿದು ನೆಲಕ್ಕೊತ್ತೋದು, ಒಂಟಿ ರೂಮಲ್ಲಿ ಕೂಡಿಹಾಕೋದು, ಸಾಕಷ್ಟು ಸಿಬ್ಬಂದಿ ಇಲ್ಲ. ಇಂಥ ಕೇಂದ್ರಗಳ ಬಗ್ಗೆ ಇಡೀ ದೇಶದ ಮಟ್ಟದ ಒಂದು ಕಾನೂನು ಬಂದಿದ್ದು 2024ರ ಡಿಸೆಂಬರ್‌ನಲ್ಲಿ, ಅದೂ ಒಳಗೆ ಇದ್ದು ಬಂದವರು ವರ್ಷಗಟ್ಟಲೆ ಬೀದಿಗಿಳಿದು ಕೂಗಿದ ಮೇಲೆ.

ಕೆಟ್ಟ ಕೇಂದ್ರಗಳು ಇರುತ್ವೆ, ಒಳ್ಳೇದನ್ನ ಹುಡುಕಿ ಅನ್ಬೋದು. ಆದ್ರೆ ಕೆಟ್ಟದ್ದು ಹೊರಗಿನಿಂದ ಕೆಟ್ಟದಾಗಿ ಕಾಣಲ್ಲ ಕಣ್ರೀ, ಹಸಿರು ಹುಲ್ಲು, ನಗೋ ಮಕ್ಕಳ ಫೋಟೋ, ನಯವಾಗಿ ಮಾತಾಡೋ ಅಡ್ಮಿಷನ್‌ನವರು. ಕೆಲವು ಕಡೆ ಅಪ್ಪ ಅಮ್ಮನೇ ದುಡ್ಡು ಕೊಟ್ಟು ಅಪರಿಚಿತರನ್ನ ಕರೆಸಿ, ಮಲಗಿರೋ ಮಗುವನ್ನ ನಡುರಾತ್ರಿ ಎಬ್ಬಿಸಿ ಗಾಡಿಗೆ ಹತ್ತಿಸಿ ಕಳಿಸೋ ಪದ್ಧತಿ ಇದೆ. ಹಿಂದೊಮ್ಮೆ ರಾತ್ರಿ ಯಾರೋ ಹಾಸಿಗೆ ಹತ್ತಿರ ಬಂದಿದ್ದೇ ಗಾಯವಾಗಿರೋ ಮಗುವಿಗೆ ಚಿಕಿತ್ಸೆ ಶುರುವಾಗೋದು ಹೀಗಾ? ಆಮೇಲೆ ನಡವಳಿಕೆ ನೋಡಿ ಲೆವೆಲ್, ಪಾಯಿಂಟು ಕೊಡೋದು. ಹೇಳಿದ ಹಾಗೆ ಕೇಳಿದ್ರೆ ಮನೆಗೆ ಫೋನ್ ಮಾಡೋ ಹಕ್ಕು, ಅತ್ರೆ ನಾಟಕ ಅಂತ ಬರೆದು ಒಂದು ಲೆವೆಲ್ ಕೆಳಕ್ಕೆ. ಮಕ್ಕಳು ಬಲು ಬೇಗ ಕಲೀತಾರೆ, ಏನು ಹೇಳಿದ್ರೆ ಬಿಡ್ತಾರೆ ಅನ್ನೋದನ್ನ. ಅದನ್ನ ನೋಡಿ ದೊಡ್ಡವರು ಸುಧಾರಿಸಿದಾನೆ ಅಂತ ಫೈಲಲ್ಲಿ ಬರೀತಾರೆ.

ಈಗ ವಾಪಸ್ ಬರೋ ದಿನ. ಒಂಬತ್ತು ತಿಂಗಳು ಮಗು ಬದಲಾಗಿದೆ ಅಂತಾನೇ ಇಟ್ಕೊಳ್ಳಿ, ಮನೆ? ಅದೇ ಅಪ್ಪ, ಅದೇ ಕುಡಿತ, ಅದೇ ಗೆಳೆಯರ ಗುಂಪು, ಶಾಲೆಯಲ್ಲಿ ಒಂದು ವರ್ಷ ಹಿಂದೆ ಬಿದ್ದ ನಾಚಿಕೆ ಬೇರೆ. ಕೇಂದ್ರದಲ್ಲಿ ಬದುಕೋದು ಕಲಿತ ಮಗುವಿಗೆ ಮನೆಯಲ್ಲಿ ಬದುಕೋದು ಯಾರೂ ಕಲಿಸಿರಲ್ಲ, ಮನೆಯವರಿಗೆ ಅದರ ಜೊತೆ ಬದುಕೋದೂ ಯಾರೂ ಕಲಿಸಿರಲ್ಲ. 1960ರ ದಶಕದ ಶುರುವಲ್ಲಿ ನಿಕೊಲಸ್ ಹಾಬ್ಸ್ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಕಟ್ಟಿದ ವಸತಿ ಶಾಲೆಗಳಲ್ಲಿ ಮಕ್ಕಳು ವಾರದ ದಿನ ಮಾತ್ರ ಅಲ್ಲಿರ್ತಿದ್ರು, ವಾರದ ಕೊನೆಗೆ ಮನೆಗೆ ಹೋಗ್ತಿದ್ರು, ಮನೆ ಶಾಲೆ ನೆರೆಹೊರೆ ಎಲ್ಲಾ ಸೇರಿ ಸರಿಹೋಗ್ದೆ ಮಗು ಒಂದೇ ಸರಿಹೋಗಲ್ಲ ಅಂತ ಆಗಲೇ ಗೊತ್ತಿತ್ತು. ಗೊತ್ತಿದ್ದನ್ನ ಬಿಟ್ಟು ನೂರಾರು ಮೈಲಿ ದೂರ ಕಳಿಸೋದನ್ನ ಯಾಕೆ ಹಿಡ್ಕೊಂಡ್ವಿ?

ಬೇರೆ ದಾರಿ ಇಲ್ಲ ಅನ್ನೋಹಾಗಿಲ್ಲ. ಸ್ಕಾಟ್ ಹೆಂಗಲರ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದ ಕೊನೆಯಿಂದ ಬೆಳೆಸಿದ ಮಲ್ಟಿಸಿಸ್ಟಮಿಕ್ ಥೆರಪಿಯಲ್ಲಿ ಒಬ್ಬ ಥೆರಪಿಸ್ಟ್‌ಗೆ 4ರಿಂದ 6 ಕುಟುಂಬ ಅಷ್ಟೇ, ಅವರು ಮನೆಗೇ ಬರ್ತಾರೆ, ರಾತ್ರಿ 2 ಗಂಟೆಗೆ ಫೋನ್ ಮಾಡಿದ್ರೂ ತಂಡದಿಂದ ಒಬ್ಬರು ಎತ್ತುತ್ತಾರೆ, ಹೀಗೆ 3ರಿಂದ 5 ತಿಂಗಳು. ಮೇಲೆ ಹೇಳಿದ ಆ ನಿದ್ದೆಗೆಟ್ಟ ಅಮ್ಮನಿಗೆ ಬೇಕಿದ್ದದ್ದು ಇದೇ ಅಲ್ವಾ? ಮನೆಯೇ ಅಪಾಯ ಆಗಿದ್ರೆ, ತರಬೇತಿ ಪಡೆದ ಇನ್ನೊಂದು ಕುಟುಂಬದಲ್ಲಿ ಒಂದೇ ಮಗುವನ್ನ ಇಡೋ ಕ್ರಮ ಇದೆ, ಒರೆಗಾನ್‌ನಲ್ಲಿ ಪೆಟ್ರೀಷಿಯಾ ಚೇಂಬರ್ಲೇನ್ 1983ರಲ್ಲಿ ಶುರು ಮಾಡಿದ್ದು. ಕಾನೂನಿನ ಕೈಗೆ ಪದೇ ಪದೇ ಸಿಕ್ಕಿಬಿದ್ದ 79 ಹುಡುಗರನ್ನ ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಕೆಲವರನ್ನ ಇಂಥ ಕುಟುಂಬಗಳಿಗೆ, ಉಳಿದವರನ್ನ ಗುಂಪು ವಸತಿಗೆ ಕಳಿಸಿ ನೋಡಿದ ಫಲಿತಾಂಶ 1998ರಲ್ಲಿ ಬಂತು. ಕುಟುಂಬಗಳಲ್ಲಿದ್ದವರು ಓಡಿಹೋಗಿದ್ದು ಕಮ್ಮಿ, ಮತ್ತೆ ಅರೆಸ್ಟ್ ಆಗಿದ್ದೂ ಕಮ್ಮಿ. ಇವರೇನೂ ಸುಲಭದ ಹುಡುಗರಲ್ಲ.

ಜೀವಕ್ಕೇ ಅಪಾಯ ಇರುವಾಗ ಕೆಲವು ವಾರ ಒಳಗೆ ಇಟ್ಟು ನೋಡ್ಕೊಳ್ಳೋದನ್ನ ನಾನೂ ಬೇಡ ಅನ್ನಲ್ಲ. ಆದ್ರೆ ಚಿಕಿತ್ಸೆಗೆ ಅಂತ ಬೇರೆ ಕಡೆ ಇಟ್ಟ ಮಗುವಿನ ಸ್ಥಿತಿಯನ್ನ ಆಗಾಗ ಮರುಪರಿಶೀಲನೆ ಮಾಡ್ಬೇಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 25ನೇ ವಿಧಿನೇ ಹೇಳುತ್ತೆ, ಆ ಪರಿಶೀಲನೆ ಅದೇ ಕೇಂದ್ರದ ಆಫೀಸಲ್ಲಿ ಕೂತು ಅವರೇ ಬರೆದ ಫೈಲ್ ಓದಿ ಮುಗಿಸೋದಲ್ಲ. ಸೇರಿಸೋ ಮೊದಲು ಕೇಳಿ: ವಾಪಸ್ ಕಳಿಸೋ ಪ್ಲಾನ್ ಮೊದಲ ದಿನವೇ ಬರೀತಾರಾ, ಮನೆಯವರ ಜೊತೆ ವಾರಾ ವಾರಾ ಕೂರ್ತಾರಾ, ಕಳೆದ ತಿಂಗಳು ಎಷ್ಟು ಮಕ್ಕಳನ್ನ ಹಿಡಿದು ಒತ್ತಿದ್ರು, ಎಷ್ಟು ಸಿಬ್ಬಂದಿ ಕೆಲಸ ಬಿಟ್ರು. ಕೊನೆಗೆ ಇದೊಂದು ಕೇಳಿ, ಮಗು ಮನೆಗೆ ಫೋನ್ ಮಾಡಿದಾಗ ಪಕ್ಕದಲ್ಲಿ ಯಾರಾದ್ರೂ ಕೂತು ಕೇಳಿಸ್ಕೊಳ್ತಾರಾ ಅಂತ. ಹೌದು ಅಂದ್ರೆ ಮಗುವನ್ನ ಕರ್ಕೊಂಡು ವಾಪಸ್ ಬನ್ನಿ.